ಮೈಯೊಳಗಿನ ಝಳಕ್ಕೆ ಸೂಜಿಯ ಮದ್ದು

ಮಾಗಿಯ ದಿನಗಳಲ್ಲಿ ಶೃಂಗೇರಿ ಸೀಮೆಯ ಬೆಳಗು ತಡವಾಗಿ ತೆರೆದುಕೊಳ್ಳುತ್ತದೆ. ತುಂಗೆಯ ಮೇಲೆ ಕವಿದ ಮಂಜು ಕರಗಬೇಕಾದರೆ ಬಿಸಿಲು ಅಡಿಕೆ ಮರಗಳ ತಲೆ ದಾಟಿ ಕೆಳಗಿಳಿಯಬೇಕು. ಇಂಥ ಚಳಿಯ ರಾತ್ರಿ ಮನೆಮಂದಿಯೆಲ್ಲ ಕಂಬಳಿಯೊಳಗೆ ಮುದುಡಿ ಮಲಗಿರುವಾಗ, ಐವತ್ತರ ಆಸುಪಾಸಿನ ಗೃಹಿಣಿ ಮಾತ್ರ ಹೊದಿಕೆ ಸರಿಸಿ ಎದ್ದು ಕುಳಿತಿರುತ್ತಾಳೆ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಏರುವ ಝಳ, ನೆತ್ತಿಯಿಂದ ಇಳಿಯುವ ಬೆವರು, ಎದೆಯಲ್ಲಿ ಡವಡವ. ಎರಡು ಮೂರು ನಿಮಿಷದಲ್ಲಿ ಝಳವೇನೋ ಇಳಿಯುತ್ತದೆ. ಆದರೆ ಒದ್ದೆಯಾದ ಬಟ್ಟೆ ಮೈಗಂಟಿ ಈಗ ನಡುಕ. ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಮತ್ತೆ ಅದೇ.

ಬೆಳಗಾದ ಮೇಲೆ ಆಕೆ ಇದನ್ನು ಯಾರ ಬಳಿಯೂ ಹೇಳುವುದಿಲ್ಲ. ಹೇಳಿದರೂ ಸಿಗುವ ಉತ್ತರ ಗೊತ್ತಿರುವಂಥದ್ದೇ: "ಉಷ್ಣ ಆಗಿರ್ಬೇಕು ಮಾರಾಯ್ತಿ, ಎಳನೀರು ಕುಡಿ." ಒಂದೆಲಗದ ತಂಬುಳಿ, ಮಜ್ಜಿಗೆ, ತಲೆಗೆ ಎಣ್ಣೆ ಇವೆಲ್ಲ ನಡೆಯುತ್ತವೆ. ಅಡಿಕೆ ಬೇಯಿಸುವ ಹಂಡೆಯ ಮುಂದೆಯೋ ಅಡುಗೆಮನೆಯ ಒಲೆಯ ಮುಂದೆಯೋ ಝಳ ಬಂದರೆ ಬೆಂಕಿಯ ಕಾವು ಎಂದು ಹೇಳಿಕೊಳ್ಳಬಹುದು. ಮದುವೆಮನೆಯಲ್ಲಿ, ನಾಲ್ಕು ಜನರ ನಡುವೆ ಮುಖ ಕೆಂಪೇರಿ ಬೆವರು ಸುರಿದರೆ ಏನು ಹೇಳುವುದು? ಮುಟ್ಟು ನಿಲ್ಲುವ ಕಾಲದ ಈ ತೊಂದರೆಗೆ ವೈದ್ಯರು 'ಹಾಟ್ ಫ್ಲಶ್' ಎನ್ನುತ್ತಾರೆ. ಮನೆಯಲ್ಲಿ ಇದಕ್ಕೊಂದು ಹೆಸರೂ ಇಲ್ಲ.

ಈಚಿನ ವರ್ಷಗಳಲ್ಲಿ ಈ ಹೆಂಗಸರ ಕಿವಿಗೆ ಹೊಸ ಮಾತೊಂದು ಬೀಳುತ್ತಿದೆ. ಬೆಂಗಳೂರಿನಲ್ಲಿರುವ ತಂಗಿಯೋ ವಿದೇಶದಲ್ಲಿರುವ ಮಗಳೋ ದೂರವಾಣಿಯಲ್ಲಿ ಹೇಳುತ್ತಾಳೆ: "ಸೂಜಿ ಚುಚ್ಚಿಸಿಕೊಂಡರೆ ಕಡಿಮೆಯಾಗುತ್ತದಂತೆ, ಮಾತ್ರೆಯೂ ಬೇಡವಂತೆ." ಚೀನಾ ದೇಶದ ಆಕ್ಯುಪಂಕ್ಚರ್ ಈ ಝಳವನ್ನು ನಿಜವಾಗಿಯೂ ಇಳಿಸಬಲ್ಲುದೇ? ಘಟ್ಟ ಇಳಿದು ಹತ್ತು ಸಲ ಹೋಗಿಬರುವಷ್ಟು ಅದರಲ್ಲಿ ಹುರುಳಿದೆಯೇ? ಇದಕ್ಕೆ ವಿಜ್ಞಾನದ ಬಳಿ ಈಗ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಆ ಉತ್ತರ ಸೂಜಿಯನ್ನು ನಂಬುವವರಿಗೂ ನಂಬದವರಿಗೂ ಸ್ವಲ್ಪ ಅಚ್ಚರಿ ತರುವಂಥದ್ದು.

ಮೆದುಳಿನೊಳಗಿನ ತಾಪಮಾಪಕ

ನಮ್ಮ ಮೆದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ದೇಹದ ಉಷ್ಣತೆಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುವುದು ಅದರ ಕೆಲಸಗಳಲ್ಲೊಂದು. ಒಳಗಿನ ಉಷ್ಣತೆ ಒಂದು ಮೇಲಿನ ಗೆರೆ ದಾಟಿದರೆ ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಬೆವರು ಹರಿಸುತ್ತದೆ. ಕೆಳಗಿನ ಗೆರೆಗಿಂತ ಇಳಿದರೆ ನಡುಕ ಹುಟ್ಟಿಸುತ್ತದೆ. ಈ ಎರಡು ಗೆರೆಗಳ ನಡುವಿನ ಅಂತರದಲ್ಲಿ ಉಷ್ಣತೆ ಅಷ್ಟಿಷ್ಟು ಏರಿಳಿದರೂ ದೇಹ ತಲೆ ಕೆಡಿಸಿಕೊಳ್ಳುವುದಿಲ್ಲ.

ಅಮೆರಿಕದ ರಾಬರ್ಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಈ ಅಂತರವನ್ನು ಅಳೆದರು. ಮುಟ್ಟು ನಿಂತಿದ್ದರೂ ಝಳದ ತೊಂದರೆಯಿಲ್ಲದ ಹೆಂಗಸರಲ್ಲಿ ಅದು ಸುಮಾರು 0.4 ಡಿಗ್ರಿಯಷ್ಟಿತ್ತು. ಝಳದಿಂದ ಬಳಲುವವರಲ್ಲಿ ಅಂತರ ಇಲ್ಲವೆನ್ನುವಷ್ಟು ಕಿರಿದಾಗಿತ್ತು. ಅಂದರೆ ಒಂದು ಲೋಟ ಬಿಸಿ ಕಾಫಿ, ನಾಲ್ಕು ಮೆಟ್ಟಿಲು, ಸಣ್ಣದೊಂದು ಗಾಬರಿ ಸಾಕು. ಒಳಗಿನ ಉಷ್ಣತೆ ಕೂದಲೆಳೆಯಷ್ಟು ಏರುತ್ತಲೇ ಹೈಪೋಥಲಾಮಸ್ 'ಬೆಂಕಿ ಬಿತ್ತು' ಎಂದು ಕೂಗಿ ಬೆವರಿನ ನಲ್ಲಿಗಳನ್ನೆಲ್ಲ ತೆರೆದುಬಿಡುತ್ತದೆ.

ಅಂತರ ಹೀಗೆ ಕಿರಿದಾಗುವುದೇಕೆ? ಅಂಡಾಶಯ ತನ್ನ ಕೆಲಸ ನಿಲ್ಲಿಸುತ್ತ ಬಂದಂತೆ ಈಸ್ಟ್ರೊಜೆನ್ ಎಂಬ ಹಾರ್ಮೋನು ರಕ್ತದಲ್ಲಿ ಇಳಿಯುತ್ತದೆ. ಹೈಪೋಥಲಾಮಸ್‌ನಲ್ಲಿರುವ ಕೆಲವು ನರಕೋಶಗಳಿಗೆ ಈ ಹಾರ್ಮೋನು ಕಡಿವಾಣದಂತೆ. ಕಡಿವಾಣ ಸಡಿಲಗೊಂಡಾಗ ಅವು ಉಬ್ಬಿ, ನ್ಯೂರೊಕೈನಿನ್-ಬಿ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸಿ, ಪಕ್ಕದ ಉಷ್ಣ ನಿಯಂತ್ರಣ ಕೇಂದ್ರವನ್ನು ಕೆರಳಿಸುತ್ತವೆ. ಅಮೆರಿಕದ ನವೋಮಿ ರ‍್ಯಾನ್ಸ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಡಿ ಈ ಉಬ್ಬಿದ ಕೋಶಗಳನ್ನು ಗುರುತಿಸಿದ್ದು ಮುಂದೆ ಹೊಸದೊಂದು ಔಷಧಿಗೇ ದಾರಿಯಾಯಿತು. ಅದರ ಮಾತು ಮುಂದೆ ಬರುತ್ತದೆ.

ಹೀಗಾಗಿ ಇದು ಹೆಂಗಸಿನ ಕಲ್ಪನೆಯಲ್ಲ, 'ಮನಸ್ಸಿಗೆ ಹಚ್ಚಿಕೊಂಡದ್ದೂ' ಅಲ್ಲ. ತಿಂದ ಪದಾರ್ಥದ ಉಷ್ಣವೂ ಅಲ್ಲ. ನಾಲ್ಕು ದಿನದಲ್ಲಿ ಹೋಗಿಬಿಡುವಂಥದ್ದೂ ಅಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟಿಸಿದಂತೆ, ಝಳ ಪದೇ ಪದೇ ಬರುವವರಲ್ಲಿ ಅದು ಉಳಿಯುವ ಅವಧಿ ಸರಾಸರಿ ಏಳು ವರ್ಷಕ್ಕೂ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ ಅದು 46-47ರಲ್ಲೇ ಬಂದುಬಿಡುತ್ತದೆ. ತೋಟ, ಕೊಟ್ಟಿಗೆ, ಮಕ್ಕಳ ಓದು, ಮದುವೆ ಎಂದು ಮನೆಯ ಭಾರವೆಲ್ಲ ಹೆಗಲ ಮೇಲಿರುವ ವಯಸ್ಸು ಅದು.

ಮೊದಲು ಥರ್ಮಾಮೀಟರ್

ಮಲೆನಾಡಿನಲ್ಲಿ ಮೈ ಬಿಸಿಯಾಯಿತೆಂದರೆ ಇನ್ನೊಂದು ಎಚ್ಚರಿಕೆಯೂ ಬೇಕು. ಝಳ ಬಂದಾಗ ಚರ್ಮ ಬಿಸಿಯಾಗುತ್ತದೆಯೇ ಹೊರತು ದೇಹದೊಳಗಿನ ಉಷ್ಣತೆ ಜ್ವರದಂತೆ ಏರುವುದಿಲ್ಲ. ಬೆವರಿದ ಮೇಲೆ ಅದು ಕೊಂಚ ಇಳಿಯುವುದೂ ಉಂಟು. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವಿರುವುದಿಲ್ಲ. ಜ್ವರ ಇದ್ದರೆ ಅದು ಮುಟ್ಟು ನಿಲ್ಲುವ ಝಳವಲ್ಲ, ಬೇರೆ ಕಾಯಿಲೆ.

ಈ ವ್ಯತ್ಯಾಸ ಇಲ್ಲಿ ಪ್ರಾಣದ ಪ್ರಶ್ನೆಯೂ ಆಗಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಿಗೂ ಹಬ್ಬಿದ್ದು, 2024ರಲ್ಲೂ ಅಲ್ಲಿ ಕಾಣಿಸಿಕೊಂಡಿತ್ತು. ದರಕು ಗುಡಿಸಲು, ಸೌದೆ ತರಲು ಕಾಡಿಗೆ ಹೋಗಿಬಂದ ಹೆಂಗಸಿಗೆ ಚಳಿಗಾಲದಿಂದ ಬೇಸಿಗೆಯವರೆಗಿನ ದಿನಗಳಲ್ಲಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯಲ್ಲೂ ಬೆವರು, ಎದೆಬಡಿತ ಇರುತ್ತವೆ. ಕ್ಷಯದಲ್ಲಿ ರಾತ್ರಿ ಬೆವರಿನ ಜೊತೆ ಸಂಜೆಯ ಜ್ವರ, ಕೆಮ್ಮು, ತೂಕ ಇಳಿತ ಕಾಣುತ್ತವೆ. ಸೂಜಿಯ ಮಾತಿಗಿಂತ ಮೊದಲು ಇವೆಲ್ಲ ಅಲ್ಲವೆಂದು ಖಾತ್ರಿಯಾಗಬೇಕು.

ಸೂಜಿ ಬಂದ ದಾರಿ

ಚೀನಾದಲ್ಲಿ ಎರಡು ಸಾವಿರ ವರ್ಷಗಳಿಂದ ಬಳಕೆಯಲ್ಲಿರುವ ಈ ಚಿಕಿತ್ಸೆ ಭಾರತಕ್ಕೆ ಬಂದದ್ದರ ಹಿಂದೆ ಸ್ವಾತಂತ್ರ್ಯ ಹೋರಾಟದ ಕಾಲದ ಸ್ನೇಹವೊಂದಿದೆ. ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ ನೆರವಾಗಲೆಂದು 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳುಹಿಸಿತು. ಅವರಲ್ಲೊಬ್ಬರು ಡಾ. ದ್ವಾರಕಾನಾಥ ಕೋಟ್ನಿಸ್, ಕನ್ನಡ ಮರಾಠಿಗಳೆರಡೂ ಕೇಳಿಬರುವ ಗಡಿ ಊರಾದ ಸೊಲ್ಲಾಪುರದವರು. ಶಸ್ತ್ರವೈದ್ಯರಾಗಿದ್ದ ಅವರು ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ, 32ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬದುಕನ್ನು ವಿ. ಶಾಂತಾರಾಂ 1946ರಲ್ಲಿ ಚಲನಚಿತ್ರ ಮಾಡಿದರು.

ಅದೇ ತಂಡದಲ್ಲಿದ್ದ ಕಲ್ಕತ್ತದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದರು. ಕಲ್ಕತ್ತದಲ್ಲಿ ಅವರು ಆರಂಭಿಸಿದ ಚಿಕಿತ್ಸೆಯಿಂದಲೇ ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿತು. ಹೀಗಾಗಿ ಸ್ವತಃ ಸೂಜಿ ಚಿಕಿತ್ಸಕರಲ್ಲದಿದ್ದರೂ ಕೋಟ್ನಿಸರ ಹೆಸರು ಇಂದಿಗೂ ಅನೇಕ ಆಕ್ಯುಪಂಕ್ಚರ್ ಕೇಂದ್ರಗಳ ಫಲಕದ ಮೇಲಿದೆ.

ಪಶ್ಚಿಮದ ದೇಶಗಳ ಕಣ್ಣಿಗೆ ಇದು ಬಿದ್ದದ್ದು 1971ರಲ್ಲಿ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಒಳಗಾದಾಗ, ನಂತರದ ಹೊಟ್ಟೆಯ ತೊಂದರೆಗೆ ಅಲ್ಲಿನ ವೈದ್ಯರು ಸೂಜಿ ಚುಚ್ಚಿದರು. ಅವರು ಬರೆದ ವರದಿ ಮನೆಮಾತಾಯಿತು.

ನಮ್ಮಲ್ಲಿ ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿಯೆಂದು ಒಪ್ಪಿಕೊಂಡಿತು. ಶೃಂಗೇರಿಯವರ ಮಟ್ಟಿಗೆ ಹೇಳುವುದಾದರೆ ಘಟ್ಟ ಇಳಿದರೆ ಸಿಗುವ ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿದೆ. ಐದೂವರೆ ವರ್ಷಗಳ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಆಕ್ಯುಪಂಕ್ಚರ್ ಸಹ ಒಂದು ವಿಷಯ. ಹೀಗಾಗಿ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ ಮಣ್ಣಿನ ಪಟ್ಟಿ, ಉಗಿಸ್ನಾನಗಳ ಜೊತೆ ಸೂಜಿಯೂ ಸೇರಿಕೊಂಡಿದೆ.

ಚುಚ್ಚುವುದು ಹೇಗೆ?

ಸೂಜಿ ಎಂದೊಡನೆ ಇಂಜೆಕ್ಷನ್ ನೆನಪಾಗಿ ಹೆದರಬೇಕಿಲ್ಲ. ಆಕ್ಯುಪಂಕ್ಚರ್ ಸೂಜಿ ಕಾಲು ಮಿಲಿಮೀಟರಿನಷ್ಟು ದಪ್ಪದ ತೆಳ್ಳನೆಯ ಉಕ್ಕಿನ ಎಳೆ. ಒಳಗೆ ಟೊಳ್ಳಿಲ್ಲ, ಅದರ ಮೂಲಕ ಯಾವ ಔಷಧಿಯೂ ಹೋಗುವುದಿಲ್ಲ. ರೋಗಿಯನ್ನು ಮಲಗಿಸಿ, ನಾಡಿ ಮತ್ತು ನಾಲಿಗೆ ನೋಡಿ, ಹತ್ತಾರು ಪ್ರಶ್ನೆ ಕೇಳಿ, ಕೈಕಾಲು ಹೊಟ್ಟೆಗಳ ಆಯ್ದ ಜಾಗಗಳಲ್ಲಿ ಕೆಲವು ಸೂಜಿಗಳನ್ನು ನಿಲ್ಲಿಸಲಾಗುತ್ತದೆ. ಇರುವೆ ಕಚ್ಚಿದಂತಾಗಿ ಆಮೇಲೆ ಜೋಮು ಹಿಡಿದಂಥ ಭಾರ ತಿಳಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಹಾಗೇ ಮಲಗಿದ ಬಳಿಕ ಸೂಜಿ ತೆಗೆಯುತ್ತಾರೆ. ವಾರಕ್ಕೆ ಒಂದೆರಡರಂತೆ ಎರಡು ತಿಂಗಳ ಕಾಲ ಇದು ನಡೆಯುವುದು ರೂಢಿ.

ಚೀನಿ ಶಾಸ್ತ್ರದ ಪ್ರಕಾರ ದೇಹದಲ್ಲಿ 'ಚೀ' ಎಂಬ ಚೈತನ್ಯ ಹರಿಯುವ ನಾಳಗಳಿವೆ, ಅವುಗಳ ಮೇಲೆ 361 ಬಿಂದುಗಳಿವೆ. ಮುಟ್ಟು ನಿಲ್ಲುವ ಝಳಕ್ಕೆ ಹೆಚ್ಚಾಗಿ ಆರಿಸುವ ಬಿಂದುಗಳಲ್ಲೊಂದು ಕಾಲಿನ ಒಳಮಗ್ಗುಲಲ್ಲಿ, ಹರಡಿನ ಮೂಳೆಯಿಂದ ನಾಲ್ಕು ಬೆರಳು ಮೇಲಿದೆ. ಈ ಝಳಕ್ಕೆ ಕಾರಣ ಮೂತ್ರಪಿಂಡದ 'ಯಿನ್', ಅಂದರೆ ತಂಪಿನ ಅಂಶ, ಕ್ಷೀಣಿಸಿರುವುದು ಎನ್ನುತ್ತದೆ ಆ ಶಾಸ್ತ್ರ. ನಮ್ಮ ಉಷ್ಣ-ಶೀತಗಳ ಲೆಕ್ಕಾಚಾರಕ್ಕೆ ಹತ್ತಿರವಾದ ಮಾತಿದು. ಆದರೆ ಚಿಕಿತ್ಸಕರು 'ಕಿಡ್ನಿ ದುರ್ಬಲವಾಗಿದೆ' ಎಂದರೆ ಗಾಬರಿಯಾಗಬಾರದು. ಅದು ಶಾಸ್ತ್ರದ ಪರಿಭಾಷೆಯಷ್ಟೇ, ರಕ್ತಪರೀಕ್ಷೆಯಲ್ಲಿ ಕಾಣುವ ಕಿಡ್ನಿ ತೊಂದರೆಯಲ್ಲ. ಈ ನಾಳಗಳಾಗಲಿ ಬಿಂದುಗಳಾಗಲಿ ಶವಚ್ಛೇದನದಲ್ಲಿ ಕಂಡಿಲ್ಲ. ಆದರೆ ವಿಜ್ಞಾನಕ್ಕೆ ಮುಖ್ಯವಾದದ್ದು ವಿವರಣೆಗಿಂತ ಮೊದಲು ಫಲ. ಚುಚ್ಚಿದರೆ ಕಡಿಮೆಯಾಗುತ್ತದೆಯೋ ಇಲ್ಲವೋ?

ಒರೆಗಲ್ಲಿನ ಮೇಲೆ

ನಾರ್ವೆ ದೇಶದ ಸಂಶೋಧಕರು 267 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹತ್ತು ಬಾರಿ ಸೂಜಿ ಚಿಕಿತ್ಸೆಯೂ ಸ್ವಯಂ ಆರೈಕೆಯ ಸಲಹೆಯೂ ಸಿಕ್ಕವು, ಇನ್ನೊಂದಕ್ಕೆ ಸಲಹೆ ಮಾತ್ರ. ಹನ್ನೆರಡು ವಾರಗಳ ಬಳಿಕ ಸೂಜಿಯ ಗುಂಪಿನಲ್ಲಿ ದಿನಕ್ಕೆ ಸುಮಾರು ಆರು ಝಳ ಕಡಿಮೆಯಾಗಿದ್ದರೆ, ಇನ್ನೊಂದರಲ್ಲಿ ಸುಮಾರು ನಾಲ್ಕು ಕಡಿಮೆಯಾಗಿದ್ದವು. ಆರು ತಿಂಗಳ ಹೊತ್ತಿಗೆ ಎರಡೂ ಗುಂಪಿನ ವ್ಯತ್ಯಾಸ ಅಳಿಸಿಹೋಗಿತ್ತು.

ಅಮೆರಿಕದಲ್ಲಿ 209 ಮಹಿಳೆಯರ ಮೇಲೆ ನಡೆದ ಅಧ್ಯಯನ ಹೊರಬಂದದ್ದು 2016ರಲ್ಲಿ. ಆರು ತಿಂಗಳಲ್ಲಿ ಗರಿಷ್ಠ 20 ಬಾರಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಝಳ ಶೇಕಡ 36.7ರಷ್ಟು ಇಳಿದಿತ್ತು. ಚಿಕಿತ್ಸೆಗೆ ಕಾಯುತ್ತಿದ್ದವರಲ್ಲಿ ಶೇಕಡ 6ರಷ್ಟು ಏರಿತ್ತು. ಎಲ್ಲರಿಗೂ ಒಂದೇ ಫಲ ಸಿಕ್ಕಿತೆಂದಲ್ಲ. ನೂರಕ್ಕೆ ಸುಮಾರು 12 ಮಂದಿಗೆ ಝಳ ಶೇಕಡ 85ರಷ್ಟು ಹೋಗಿಯೇಬಿಟ್ಟಿತ್ತು, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ.

ಇಷ್ಟು ಓದಿದವರು ಸೂಜಿ ಗೆದ್ದಿತು ಎನ್ನಬಹುದು. ಆದರೆ ಇಲ್ಲೊಂದು ತೊಡಕಿದೆ. ಸೂಜಿ ಚುಚ್ಚಿಸಿಕೊಂಡವರಿಗೆ ತಮಗೆ ಚಿಕಿತ್ಸೆ ಸಿಕ್ಕಿದೆಯೆಂದು ಗೊತ್ತು, ಇನ್ನೊಂದು ಗುಂಪಿಗೆ ಸಿಕ್ಕಿಲ್ಲವೆಂದೂ ಗೊತ್ತು. ಗುಣವಾದದ್ದು ಸೂಜಿಯಿಂದಲೋ ಸೂಜಿಯ ಸುತ್ತಲಿನ ಸಂಗತಿಗಳಿಂದಲೋ ಎಂದು ಬೇರ್ಪಡಿಸುವುದು ಹೇಗೆ? ಮಾತ್ರೆಯಾದರೆ ಅದೇ ಬಣ್ಣದ ಹುಸಿ ಮಾತ್ರೆ ಕೊಟ್ಟು ನೋಡಬಹುದು. ಹುಸಿ ಸೂಜಿ ಎಲ್ಲಿಂದ ತರುವುದು?

ಅದನ್ನೂ ತಯಾರಿಸಿದರು. ನಾಟಕದಲ್ಲಿ ಎದೆಗೆ ಇರಿಯುವ ಚಾಕುವಿನ ಅಲಗು ಹಿಡಿಯೊಳಗೇ ಸರಿಯುವುದಿಲ್ಲವೇ? ಅದೇ ಉಪಾಯ. ಮೊಂಡು ತುದಿಯ ಸೂಜಿ ಚರ್ಮಕ್ಕೆ ಒತ್ತಿದೊಡನೆ ತನ್ನ ಹಿಡಿಯೊಳಗೆ ಜಾರುತ್ತದೆ. ಮುಟ್ಟಿದ ಅನುಭವವಾಗುತ್ತದೆ, ನೋಡಲು ಚುಚ್ಚಿದಂತೆಯೇ ಇರುತ್ತದೆ, ಒಳಗೆ ಮಾತ್ರ ಹೋಗಿರುವುದಿಲ್ಲ.

ಆಸ್ಟ್ರೇಲಿಯಾದ ವೈದ್ಯೆ ಕ್ಯಾರೊಲಿನ್ ಈ ಮತ್ತು ಸಂಗಡಿಗರು ಇಂಥ ಸೂಜಿ ಬಳಸಿ 327 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಎಂಟು ವಾರಗಳಲ್ಲಿ ಹತ್ತು ಬಾರಿ ಚಿಕಿತ್ಸೆ. ಅರ್ಧ ಜನರಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ನಿಜವಾದ ಸೂಜಿ, ಉಳಿದರ್ಧಕ್ಕೆ ನಾಟಕದ ಸೂಜಿ. ಫಲಿತಾಂಶ: ನಿಜ ಸೂಜಿಯ ಗುಂಪಿನಲ್ಲಿ ಝಳದ ಬಾಧೆ ಸುಮಾರು ಶೇಕಡ 40ರಷ್ಟು ಇಳಿದಿತ್ತು. ಹುಸಿ ಸೂಜಿಯ ಗುಂಪಿನಲ್ಲೂ ಸುಮಾರು ಶೇಕಡ 40ರಷ್ಟೇ ಇಳಿದಿತ್ತು! ಆರು ತಿಂಗಳ ನಂತರವೂ ಎರಡೂ ಗುಂಪಿನವರಿಗೆ ಆ ಸುಖ ಉಳಿದಿತ್ತು, ವ್ಯತ್ಯಾಸ ಮಾತ್ರ ಇರಲಿಲ್ಲ.

ಜಗತ್ತಿನ ಸಂಶೋಧನೆಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2013ರಲ್ಲಿ 16 ಅಧ್ಯಯನಗಳನ್ನು ತೂಗಿ ನೋಡಿದಾಗ ಕಂಡದ್ದೂ ಇದನ್ನೇ. ಏನೂ ಮಾಡದಿರುವುದಕ್ಕಿಂತ ಸೂಜಿ ಮೇಲು, ಹುಸಿ ಸೂಜಿಗಿಂತ ಮೇಲೆಂದು ಸಾಬೀತಾಗಿಲ್ಲ, ಹಾರ್ಮೋನು ಚಿಕಿತ್ಸೆಯಷ್ಟು ಪರಿಣಾಮವಿಲ್ಲ. ಉತ್ತರ ಅಮೆರಿಕದ ಮೆನೊಪಾಸ್ ತಜ್ಞರ ಸಂಘ 2023ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ಝಳಕ್ಕೆ ಆಕ್ಯುಪಂಕ್ಚರನ್ನು ಶಿಫಾರಸು ಮಾಡಲಿಲ್ಲ.

ಹಾಗಾದರೆ ಸಿಕ್ಕ ಸುಖ ಸುಳ್ಳೇ?

ಇಲ್ಲಿಯೇ ಆತುರದ ತೀರ್ಮಾನಕ್ಕೆ ಬರುವ ಅಪಾಯವಿರುವುದು. 'ಎಲ್ಲ ಭ್ರಮೆ' ಎಂದು ಕೈಕೊಡವಿದರೆ, ಎರಡೂ ಗುಂಪಿನ ಹೆಂಗಸರು ಆರು ತಿಂಗಳು ಮೊದಲಿಗಿಂತ ನೆಮ್ಮದಿಯಾಗಿದ್ದರೆಂಬ ಸತ್ಯವನ್ನೇ ಮರೆತಂತಾಗುತ್ತದೆ. ಈ ತೊಂದರೆಯಲ್ಲಿ ಹುಸಿ ಮದ್ದಿನ ಫಲ ಬಹಳ ದೊಡ್ಡದು. ಹಾರ್ಮೋನು ಮಾತ್ರೆಗಳ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಹುಸಿ ಮಾತ್ರೆ ನುಂಗಿದವರಲ್ಲೂ ಝಳ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಅದರಲ್ಲಿ ಒಂದು ಪಾಲು ಕಾಲ ಸರಿದಂತೆ ತಾನಾಗಿಯೇ ಇಳಿದದ್ದು. ತೀರಾ ಕಷ್ಟವಾದಾಗಲೇ ಜನ ಚಿಕಿತ್ಸೆಗೆ ಬರುವುದರಿಂದ ಆಮೇಲೆ ಇಳಿಯುವುದು ಸಹಜವೂ ಹೌದು. ಇನ್ನೊಂದು ಪಾಲು ನಿರೀಕ್ಷೆಯದು, ನೆಮ್ಮದಿಯದು. ಝಳ ಹುಟ್ಟುವುದು ಮೆದುಳಿನಲ್ಲಿ. ಆತಂಕ, ನಿದ್ರೆಗೇಡು, ಸಮಾಧಾನಗಳು ನೆಲೆಸಿರುವುದೂ ಅಲ್ಲಿಯೇ. ಒಂದು ಇನ್ನೊಂದನ್ನು ತಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕರುಳಿನ ದೀರ್ಘಕಾಲದ ತೊಂದರೆಯಿದ್ದ 262 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಬರೀ ಕಾಯುವಿಕೆ. ಎರಡನೆಯದಕ್ಕೆ ಹೆಚ್ಚು ಮಾತಿಲ್ಲದೆ ಹುಸಿ ಸೂಜಿ. ಮೂರನೆಯದಕ್ಕೆ ಅದೇ ಹುಸಿ ಸೂಜಿ, ಜೊತೆಗೆ ಮುಕ್ಕಾಲು ಗಂಟೆ ಕುಳಿತು ಕಷ್ಟಸುಖ ವಿಚಾರಿಸುವ, ಭರವಸೆ ತುಂಬುವ ಚಿಕಿತ್ಸಕ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾಕಷ್ಟು ಉಪಶಮನವಾಯಿತೆಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಎರಡು ಮತ್ತು ಮೂರನೆಯ ಗುಂಪಿನ ನಡುವಿನ ಆ 18 ಮಂದಿಯನ್ನು ಗುಣಪಡಿಸಿದ್ದು ಸೂಜಿಯಲ್ಲ, ಕೇಳಿಸಿಕೊಂಡ ಕಿವಿ.

ಈ ಬೆಳಕಿನಲ್ಲಿ ಆಕ್ಯುಪಂಕ್ಚರ್ ಕೋಣೆಯಲ್ಲಿ ನಡೆಯುವುದನ್ನು ಮತ್ತೊಮ್ಮೆ ನೋಡಬೇಕು. ಎಷ್ಟು ಸಲ ಝಳ ಬರುತ್ತದೆ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಒಬ್ಬರು ಕೇಳುತ್ತಾರೆ, ಉತ್ತರವನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಅರ್ಧ ಗಂಟೆ ಆಕೆ ಅಲುಗಾಡದೆ ಮಲಗಬೇಕು. ಯಾರೂ ಕರೆಯುವುದಿಲ್ಲ, ಹಾಲು ಉಕ್ಕುವುದಿಲ್ಲ, ಕೊಟ್ಟಿಗೆಯಲ್ಲಿ ಕರು ಕೂಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಓಡಾಡುವ ಮಲೆನಾಡಿನ ಗೃಹಿಣಿಗೆ ವರ್ಷದಲ್ಲಿ ಎಷ್ಟು ಬಾರಿ ಹಗಲಿನಲ್ಲಿ ಇಂಥ ಅರ್ಧ ಗಂಟೆ ಸಿಕ್ಕೀತು?

ಬೇರೆ ಯಾವ ದಾರಿಗಳಿವೆ?

ಝಳಕ್ಕೆ ಅತ್ಯಂತ ಪರಿಣಾಮಕಾರಿ ಮದ್ದು ಇಂದಿಗೂ ಈಸ್ಟ್ರೊಜೆನ್ನೇ. ಹುಸಿ ಮಾತ್ರೆಗೆ ಹೋಲಿಸಿದರೆ ಅದು ಝಳದ ಸಂಖ್ಯೆಯನ್ನು ಸುಮಾರು ಶೇಕಡ 75ರಷ್ಟು ಇಳಿಸುತ್ತದೆ. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೊಜೆನ್ ಎಂಬ ಇನ್ನೊಂದು ಹಾರ್ಮೋನನ್ನೂ ಸೇರಿಸಿ ಕೊಡಬೇಕು. ಇಲ್ಲವಾದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿನ ಅಪಾಯವುಂಟು. 2002ರಲ್ಲಿ ಅಮೆರಿಕದ 16,608 ಮಹಿಳೆಯರ ಮೇಲಿನ ದೊಡ್ಡ ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ತುಸು ಹೆಚ್ಚಿದ್ದು ಕಂಡುಬಂದದ್ದೇ ಕಾರಣ. ಆ ಸುದ್ದಿಗೆ ಜಗತ್ತಿನಾದ್ಯಂತ ಹೆಂಗಸರೂ ವೈದ್ಯರೂ ಬೆದರಿ ಹಾರ್ಮೋನನ್ನೇ ಬಿಟ್ಟರು. ಸೂಜಿ, ಬೇರು, ಸೊಪ್ಪುಗಳ ಕಡೆಗೆ ಒಲವು ಹೆಚ್ಚಿದ್ದರಲ್ಲಿ ಈ ಬೆದರಿಕೆಯ ಪಾಲು ದೊಡ್ಡದು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ತೊಂದರೆಯಿಲ್ಲದ ಹೆಚ್ಚಿನವರಿಗೆ ಲಾಭವೇ ಮಿಗಿಲು ಎಂಬುದು ತಜ್ಞರ ಈಗಿನ ಅಭಿಪ್ರಾಯ. ಮೂಳೆ ಸವೆತವನ್ನೂ ಇದು ತಡೆಯುತ್ತದೆ. ಝಳಕ್ಕೆಂದು ಚುಚ್ಚುವ ಸೂಜಿಯಿಂದ ಮೂಳೆ ಗಟ್ಟಿಯಾಗುವುದೆಂದು ನೆಚ್ಚಿಕೊಳ್ಳುವಂತಿಲ್ಲ.

ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ, ಹೃದಯ ಅಥವಾ ಯಕೃತ್ತಿನ ಕಾಯಿಲೆಯಿರುವವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದಿಲ್ಲ. ಅಂಥವರಿಗೆ ವೆನ್ಲಾಫ್ಯಾಕ್ಸಿನ್, ಗಾಬಾಪೆಂಟಿನ್‌ನಂಥ ಮಾತ್ರೆಗಳನ್ನು ವೈದ್ಯರು ಕಡಿಮೆ ಪ್ರಮಾಣದಲ್ಲಿ ಬರೆದುಕೊಡಬಹುದು. ನ್ಯೂರೊಕೈನಿನ್-ಬಿ ಕೆಲಸಕ್ಕೇ ಅಡ್ಡಗಟ್ಟುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿತು. ಅದನ್ನು ನುಂಗುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಲಂಡನ್ನಿನ ಮೈರಾ ಹಂಟರ್ ಅವರ ತಂಡ 2012ರಲ್ಲಿ ತೋರಿಸಿದಂತೆ, ಝಳ ಬಂದಾಗ ಏಳುವ ಗಾಬರಿಯ ಯೋಚನೆಗಳನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆಯಿಂದ ಝಳದ ಸಂಖ್ಯೆಗಿಂತ ಅದರ ಕಾಟ ತಗ್ಗುತ್ತದೆ. ಹೆಚ್ಚಿನ ತೂಕ ಇಳಿಸುವುದರಿಂದಲೂ ಪ್ರಯೋಜನವುಂಟು. ಎಳನೀರು, ತಂಬುಳಿ, ತೆಳ್ಳನೆಯ ಹತ್ತಿ ಬಟ್ಟೆ, ರಾತ್ರಿ ಒಂದೇ ದಪ್ಪ ಹೊದಿಕೆಯ ಬದಲು ಸರಿಸಲು ಸುಲಭವಾದ ಎರಡು ತೆಳು ಹೊದಿಕೆ ಇವುಗಳಿಂದ ಕಾಯಿಲೆಯ ಬುಡ ಕದಲದಿದ್ದರೂ ಆ ಹೊತ್ತಿಗೆ ಹಾಯೆನಿಸುತ್ತದೆ. ಅಷ್ಟಕ್ಕೆ ಅವು ಸಾಕು.

ಹೋಗುವುದೇ ಆದರೆ

ಹಾರ್ಮೋನು ಬೇಡವೆನ್ನುವವರು, ತೆಗೆದುಕೊಳ್ಳಲಾಗದವರು ಸೂಜಿಯನ್ನು ಪ್ರಯತ್ನಿಸಿದರೆ ತಪ್ಪೇನೂ ಇಲ್ಲ. ಇಟಲಿಯಲ್ಲಿ ಸ್ತನ ಕ್ಯಾನ್ಸರ್ ಆದ 190 ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೈಕೆಯ ಸಲಹೆ ಮಾತ್ರ ಪಡೆದವರಿಗಿಂತ ಅದರೊಡನೆ ಸೂಜಿ ಚಿಕಿತ್ಸೆಯನ್ನೂ ಪಡೆದವರು ಹೆಚ್ಚು ನೆಮ್ಮದಿ ಕಂಡರು. ಅಲ್ಲಿ ಹುಸಿ ಸೂಜಿಯ ಹೋಲಿಕೆ ಇರಲಿಲ್ಲ ಎಂಬುದೂ ನೆನಪಿರಲಿ. ತರಬೇತಿ ಪಡೆದವರ ಕೈಯಲ್ಲಿ ಸೂಜಿ ಬಹುಮಟ್ಟಿಗೆ ನಿರಪಾಯಕಾರಿ. ಚುಚ್ಚಿದಲ್ಲಿ ಸಣ್ಣ ರಕ್ತಗಲೆ, ಕೆಲವೊಮ್ಮೆ ತಲೆಸುತ್ತು ಬರಬಹುದು.

ಆದರೆ ಕೆಲವು ವಿಷಯಗಳಲ್ಲಿ ದಾಕ್ಷಿಣ್ಯ ಬೇಡ. ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಕೂಡದು. ಹಾಗೆ ಬಳಸಿದಲ್ಲಿ ಹೆಪಟೈಟಿಸ್-ಬಿ ಹರಡಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಎದೆಯ ಮೇಲೆ ಅರಿಯದವರು ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಆಗಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲೇ ಹೇಳಬೇಕು. ಚಿಕಿತ್ಸಕರ ಪದವಿ ಏನೆಂದು ಕೇಳುವುದು ಅವಮಾನವಲ್ಲ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಎನ್ನುವವರ ಬಳಿ ಎರಡನೇ ಸಲ ಹೋಗಬಾರದು.

ಹೋಗುವ ಮೊದಲ ವಾರದಿಂದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೆ ಎಷ್ಟು ಸಲ ಝಳ ಬಂತೆಂದು ಗೆರೆ ಹಾಕುತ್ತ ಬರುವುದು ಒಳ್ಳೆಯದು. ಐದಾರು ಸಲ ಚುಚ್ಚಿಸಿಕೊಂಡ ಮೇಲೂ ಗೆರೆಗಳು ಕಡಿಮೆಯಾಗದಿದ್ದರೆ ಬಸ್ಸಿನ ಖರ್ಚನ್ನೂ ಸಮಯವನ್ನೂ ಉಳಿಸಿ ಬೇರೆ ದಾರಿ ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು 'ವಯಸ್ಸಿನ ಉಷ್ಣ'ವಲ್ಲ. ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಅದಾಗಿರಬಹುದು. ಸೂಜಿ, ಕಷಾಯ, ಎಳನೀರುಗಳಿಗೆ ಕಾಯದೆ ಆ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ನಲವತ್ತಕ್ಕೆ ಮೊದಲೇ ಮುಟ್ಟು ನಿಂತವರೂ ವೈದ್ಯರನ್ನು ಕಾಣಬೇಕು. ಅವರ ಮೂಳೆ ಮತ್ತು ಹೃದಯಕ್ಕೆ ಹಾರ್ಮೋನಿನ ರಕ್ಷಣೆ ಬೇಕಾಗುತ್ತದೆ.

ಮೌನವಾಗಿ ಸಹಿಸುವ ಅಭ್ಯಾಸ ಇದ್ದಲ್ಲಿ ಇಂಥ ಸೂಚನೆಗಳೂ ಮೌನದಲ್ಲೇ ಮುಳುಗುತ್ತವೆ. ಹಾಗಾಗಿ ಮನೆಯಲ್ಲಿ ಈ ಮಾತು ಆಡುವಂತಾಗುವುದೇ ಮೊದಲ ಚಿಕಿತ್ಸೆ. ಅತ್ತೆ ತನ್ನ ಕಾಲದಲ್ಲಿ ಹೇಗಿತ್ತೆಂದು ಸೊಸೆಗೆ ಹೇಳಬಹುದು. ಗಂಡ ರಾತ್ರಿ ಎಚ್ಚರವಾದಾಗ "ಏನಾಯ್ತೇ, ನೀರು ಬೇಕಾ?" ಎಂದು ಕೇಳಬಹುದು. ಊರಿಗೆ ಬರುವ ಆಶಾ ಕಾರ್ಯಕರ್ತೆಯ ಬಳಿ ಬಾಣಂತಿ, ಮಗುವಿನ ವಿಚಾರದ ಜೊತೆಗೆ ಇದನ್ನೂ ಕೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಮುಟ್ಟು ನಿಲ್ಲುತ್ತಿದೆ, ರಾತ್ರಿ ನಿದ್ದೆಯಿಲ್ಲ, ಇದಕ್ಕೇನು ಮದ್ದು ಎಂದು ನೇರವಾಗಿ ಕೇಳುವುದರಲ್ಲಿ ನಾಚಿಕೆ ಬೇಡ. ಸೂಜಿ ಬೇಕೋ ಮಾತ್ರೆ ಬೇಕೋ ಎಂಬ ಆಯ್ಕೆ ಆಕೆಯದು. ಆ ಆಯ್ಕೆಗೆ ಬೇಕಾದ ಬಿಡುವನ್ನೂ ಬೆಂಬಲವನ್ನೂ ಕೊಡಬೇಕಾದವರು ಮನೆಯವರು.